ಇಳಿಯುವ ಕಾಲಿನ ಲೆಕ್ಕ: ಫಿಗರ್ ಸ್ಕೇಟಿಂಗ್‌ನ ಗಾಯಗಳು ಮತ್ತು ಮರಳಿ ಬರುವ ದಾರಿ

ಫಿಗರ್ ಸ್ಕೇಟಿಂಗ್‌ನಲ್ಲಿ ಆರು ಬಗೆಯ ಜಂಪ್‌ಗಳಿವೆ: ಟೋ ಲೂಪ್, ಸಾಲ್ಕೋ, ಲೂಪ್, ಫ್ಲಿಪ್, ಲಟ್ಜ್, ಆಕ್ಸಲ್. ಮೇಲೇಳುವ ರೀತಿ ಆರಕ್ಕೂ ಬೇರೆ ಬೇರೆ. ಇಳಿಯುವ ರೀತಿ ಮಾತ್ರ ಒಂದೇ. ಅಪ್ರದಕ್ಷಿಣವಾಗಿ ಸುತ್ತುವ ಸ್ಕೇಟರ್ (ಬಹುಪಾಲು ಮಂದಿ ಹಾಗೇ ಸುತ್ತುತ್ತಾರೆ) ಯಾವ ಜಂಪ್ ಮಾಡಿದರೂ ಕೊನೆಗೆ ಬಲಗಾಲಿನ ಮೇಲೆ, ಬ್ಲೇಡಿನ ಹೊರ ಅಂಚಿನಲ್ಲಿ, ಹಿಮ್ಮುಖವಾಗಿ ಜಾರುತ್ತಾ ಇಳಿಯಬೇಕು. ಪ್ರದಕ್ಷಿಣವಾಗಿ ಸುತ್ತುವವರಿಗೆ ಅದೇ ಕೆಲಸ ಎಡಗಾಲಿನದು. ಏಳೆಂಟು ವರ್ಷದ ವಯಸ್ಸಿನಲ್ಲಿ ಮಗು ಯಾವ ದಿಕ್ಕು ಹಿಡಿಯಿತೋ ಆ ದಿಕ್ಕೇ ಮುಂದಿನ ಹದಿನೈದು ವರ್ಷ ಯಾವ ಕಾಲು ಸವೆಯಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಈ ಕ್ರೀಡೆಯ ಗಾಯಗಳ ಬಗ್ಗೆ ಮಾತು ಬಂದಾಗಲೆಲ್ಲ ಟಿವಿಯಲ್ಲಿ ಕಂಡ ಬೀಳುಗಳು ನೆನಪಾಗುತ್ತವೆ. ಆದರೆ ಬಿದ್ದು ಆಗುವ ಗಾಯಕ್ಕಿಂತ, ಬೀಳದೆ ಚೆನ್ನಾಗಿ ಇಳಿದ ಸಾವಿರಾರು ಜಂಪ್‌ಗಳು ಕೂಡಿಸಿದ ಗಾಯವೇ ಸಿಂಗಲ್ಸ್ ಸ್ಕೇಟರ್‌ಗಳ ವೃತ್ತಿಯನ್ನು ಹೆಚ್ಚು ಮೊಟಕುಗೊಳಿಸುವುದು. ಬಿದ್ದ ಸ್ಕೇಟರ್ ಸಾಮಾನ್ಯವಾಗಿ ಜಾರಿಕೊಂಡು ಹೋಗುತ್ತಾರೆ. ಬಿದ್ದ ರಭಸ ಅಡ್ಡಡ್ಡ ಹರಡಿ, ಪೃಷ್ಠಕ್ಕೋ ತೊಡೆಗೋ ಒಂದು ನೀಲಿ ಕಲೆ ಉಳಿದು ಮುಗಿಯುತ್ತದೆ. ಬ್ಲೇಡ್ ಐಸಿನಲ್ಲಿ ಕಚ್ಚಿಕೊಂಡು ದೇಹ ಮಾತ್ರ ಸುತ್ತು ಮುಂದುವರಿಸಿದಾಗಲೇ ಕಷ್ಟ. ಸುತ್ತಿನ ನಾಲ್ಕನೇ ಒಂದು ಭಾಗ ಕಡಿಮೆ ಬಿದ್ದು ಐಸ್ ಮುಟ್ಟಿದರೆ ಉಳಿದ ತಿರುಚನ್ನು ಕಣಕಾಲು ಮತ್ತು ಮಂಡಿ ನುಂಗಿಕೊಳ್ಳಬೇಕಾಗುತ್ತದೆ.

ಇಳಿಯುವ ಕ್ಷಣದಲ್ಲಿ ಕಾಲಿನ ಮೇಲೆ ಬೀಳುವ ಹೊರೆ ದೇಹತೂಕದ 5ರಿಂದ 8 ಪಟ್ಟು ಎಂಬುದು ಅಳತೆ ಮಾಡಿದವರು ಸಾಮಾನ್ಯವಾಗಿ ಹೇಳುವ ಲೆಕ್ಕ. 50 ಕೆ.ಜಿ. ತೂಕದ ಹುಡುಗಿಯ ಒಂದೇ ಕಾಲಿನ ಮೇಲೆ ಕಣ್ಣು ಮಿಟುಕಿಸುವುದರೊಳಗೆ 250ರಿಂದ 400 ಕೆ.ಜಿ.ಯಷ್ಟು ಭಾರ. ದಿನಕ್ಕೆ 50 ಜಂಪ್ ಎಂದರೆ ಗಂಭೀರವಾಗಿ ತಯಾರಾಗುವವರಿಗೆ ಅತಿಯೇನಲ್ಲ. ವಾರಕ್ಕೆ ಆರು ದಿನ ಹಿಡಿದರೆ 300 ಇಳಿತ. ಕ್ವಾಡ್‌ನಲ್ಲಿ, ಅಂದರೆ ನಾಲ್ಕು ಸುತ್ತಿನ ಜಂಪ್‌ನಲ್ಲಿ, ಗಾಳಿಯಲ್ಲಿ ಸಿಗುವ ಹೊತ್ತು ಹೆಚ್ಚುಕಡಿಮೆ 0.7 ಸೆಕೆಂಡ್. ಅಷ್ಟರಲ್ಲಿ ನಿಮಿಷಕ್ಕೆ 300 ಸುತ್ತಿಗೂ ಮೀರಿದ ವೇಗಕ್ಕೇರಿ, ತೋಳು ಬಿಚ್ಚಿ, ಆ ವೇಗವನ್ನು ಕೊಂದು, ಸುಮಾರು 4 ಮಿಲಿಮೀಟರ್ ದಪ್ಪದ ಉಕ್ಕಿನ ಒಂದು ಅಂಚಿನ ಮೇಲೆ ನಿಲ್ಲಬೇಕು.

ಇಲ್ಲಿ ಬೂಟಿನ ಪಾತ್ರ ದೊಡ್ಡದು. ಬರಿಗಾಲಲ್ಲಿ ಹಾರಿ ಇಳಿದರೆ ಮೊದಲು ಬೆರಳು, ಆಮೇಲೆ ಹಿಮ್ಮಡಿ ನೆಲ ಮುಟ್ಟುತ್ತದೆ. ಕಣಕಾಲು ಮಡಿಚಿ, ಮೀನಖಂಡ ಸ್ಪ್ರಿಂಗಿನಂತೆ ಹೊರೆಯನ್ನು ಹಂತಹಂತವಾಗಿ ಹೀರುತ್ತದೆ. ಜಂಪ್ ಮಾಡುವವರ ಬೂಟು ಹಲವು ಪದರದ ಗಡಸು ಚರ್ಮದ್ದು. ಕಣಕಾಲು ಪಕ್ಕಕ್ಕೆ ಉಳುಕದಂತೆ ಬಿಗಿ ಹಿಡಿಯುತ್ತದೆ, ಆದರೆ ಮಡಿಚಲೂ ಬಿಡುವುದಿಲ್ಲ. ಕಣಕಾಲು ಹೀರದ ಹೊರೆ ಮಂಡಿಗೆ, ಅಲ್ಲಿಂದ ತೊಡೆಸಂದಿಗೆ, ಅಲ್ಲಿಂದ ಸೊಂಟದ ಬೆನ್ನುಮೂಳೆಗೆ ಏರುತ್ತದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾರಣಕ್ಕೇ ಕಣಕಾಲಿನ ಬಳಿ ಕೀಲಿರುವ ಬೂಟೊಂದನ್ನು ರೂಪಿಸಿದ್ದರು. ಅದು ಬಳಕೆಗೆ ಹಿಡಿಯಲಿಲ್ಲ. ಇಷ್ಟು ವರ್ಷ ಒಂದು ಬೂಟಿನಲ್ಲಿ ಕಲಿತ ಅಳತೆಯನ್ನು ಬಿಟ್ಟು ಇನ್ನೊಂದಕ್ಕೆ ಹೊಂದಿಕೊಳ್ಳಲು ಯಾವ ಸ್ಪರ್ಧಿಗೂ ಬಿಡುವಿರುವುದಿಲ್ಲ.

ಗಡಸು ಬೂಟಿನ ಇನ್ನೊಂದು ಸಮಸ್ಯೆ ಹೊರಗೆ ಕಾಣುವುದಿಲ್ಲ. ಕಣಕಾಲಿನ ಹೊರಮಗ್ಗುಲಲ್ಲಿ ಇಳಿಯುವ ಸ್ನಾಯುಗಳಿಗೆ ಬೂಟಿನೊಳಗೆ ಕೆಲಸವೇ ಇಲ್ಲದೆ ಅವು ಸೊರಗುತ್ತವೆ. ಹಾಗಾಗಿ ಐಸಿನ ಮೇಲೆ ಟ್ರಿಪಲ್ ಜಂಪ್ ಮಾಡುವವರು ಬೀದಿಯಲ್ಲಿ ಓಡುವಾಗ ಕಾಲು ಉಳುಕಿಸಿಕೊಳ್ಳುವುದು ಅಪರೂಪವಲ್ಲ. ಹಿಮ್ಮಡಿಯ ಹಿಂದೆ ಏಳುವ ಗಂಟು, ಕಣಕಾಲಿನ ಒಳಬದಿಯ ಮೂಳೆಯುಬ್ಬಿನ ಮೇಲೆ ನೀರು ತುಂಬಿದ ಊತ, ಲೇಸು ಬಿಗಿಯುವ ಕಡೆ ಸ್ನಾಯುರಜ್ಜುವಿನ ಉರಿ, ಇವೆಲ್ಲ ಬೂಟಿನದೇ ಕೊಡುಗೆ. ಆ ಉಬ್ಬಿನ ಕಡೆ ಬೂಟಿನ ಚರ್ಮವನ್ನು ಬಿಸಿಮಾಡಿ ಒಳಗಿನಿಂದ ಉಬ್ಬಿಸಿಕೊಡುವುದು, ಕಣಕಾಲಿಗೆ ಜೆಲ್ ತುಂಬಿದ ಕವಚ ಹಾಕುವುದು, ಮೇಲಿನ ಎರಡು ಕೊಕ್ಕೆ ಬಿಟ್ಟು ಲೇಸು ಕಟ್ಟುವುದು ಸಾಮಾನ್ಯ ಪರಿಹಾರಗಳು. ಬೂಟು ಮಡಿಕೆ ಬಿದ್ದು ಮೆತ್ತಗಾದ ಮೇಲೂ ಅದರಲ್ಲೇ ಮುಂದುವರಿಯುವುದು ಮಾತ್ರ ಅಪಾಯ. ದೊಡ್ಡ ಜಂಪ್ ಮಾಡುವವರ ಬೂಟು ಕೆಲವೇ ತಿಂಗಳಲ್ಲಿ ಆ ಸ್ಥಿತಿಗೆ ಬರುತ್ತದೆ, ಹೊಸದರ ಬೆಲೆ ಕುಟುಂಬಗಳನ್ನು ಹಿಂಜರಿಯುವಂತೆ ಮಾಡುತ್ತದೆ.

ಒಂದು ಕಣಕಾಲಿನ ನಾಲ್ಕು ವರ್ಷ

2017ರ ನವೆಂಬರ್ 9ರಂದು ಒಸಾಕಾದ ಎನ್‌ಎಚ್‌ಕೆ ಟ್ರೋಫಿಯ ಅಭ್ಯಾಸದ ಹೊತ್ತಿನಲ್ಲಿ ಜಪಾನಿನ ಯುಜುರು ಹನ್ಯು ಕ್ವಾಡ್ ಲಟ್ಜ್ ಇಳಿಯುವಾಗ ಬಿದ್ದು ಬಲಗಣಕಾಲಿನ ಅಸ್ಥಿರಜ್ಜುಗಳಿಗೆ ಪೆಟ್ಟು ಮಾಡಿಕೊಂಡರು. ಗ್ರಾಂಪ್ರಿ ಫೈನಲ್ ತಪ್ಪಿತು, ಡಿಸೆಂಬರಿನ ರಾಷ್ಟ್ರೀಯ ಸ್ಪರ್ಧೆಯೂ ತಪ್ಪಿತು. ನಡುವೆ ಒಂದೂ ಸ್ಪರ್ಧೆಯಿಲ್ಲದೆ 2018ರ ಫೆಬ್ರವರಿಯಲ್ಲಿ ಪಿಯಾಂಗ್‌ಚಾಂಗ್‌ನಲ್ಲಿ ಐಸಿಗಿಳಿದು ಒಟ್ಟು 317.85 ಅಂಕ ಗಳಿಸಿ ಚಿನ್ನ ಗೆದ್ದರು. ಪುರುಷರ ವಿಭಾಗದಲ್ಲಿ ಸತತ ಎರಡು ಒಲಿಂಪಿಕ್ ಚಿನ್ನ 1952ರ ಡಿಕ್ ಬಟನ್ ನಂತರ ಅದೇ ಮೊದಲು.

ಜಗತ್ತು ಅದನ್ನು ಮನೋಬಲದ ಕತೆಯಾಗಿ ಕೇಳಿತು. ಆ ದಿನದ ಜಂಪ್‌ಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಫ್ರೀ ಸ್ಕೇಟ್‌ನಲ್ಲಿ, ಅಂದರೆ ಸ್ಪರ್ಧೆಯ ಎರಡನೇ, ಉದ್ದದ ಭಾಗದಲ್ಲಿ, ಅವರು ಯತ್ನಿಸಿದ ಕ್ವಾಡ್‌ಗಳು ನಾಲ್ಕು: ಎರಡು ಸಾಲ್ಕೋ, ಎರಡು ಟೋ ಲೂಪ್. ಲಟ್ಜ್ ಮತ್ತು ಲೂಪ್‌ಗಳು ಕ್ವಾಡ್ ರೂಪದಲ್ಲಿ ಇರಲೇ ಇಲ್ಲ. ಯಾಕೆ ಎಂಬುದಕ್ಕೆ ಅಂಗರಚನೆಯೇ ಉತ್ತರ. ಲೂಪ್‌ನಲ್ಲಿ ಬಲಗಾಲ ಅಂಚಿನ ಮೇಲೇ ಕೂತು, ಅದೇ ಕಾಲಿಂದ ಮೇಲೆದ್ದು, ಅದೇ ಕಾಲಿನ ಮೇಲೆ ಇಳಿಯಬೇಕು. ಇನ್ನೊಂದು ಕಾಲಿನ ಆಸರೆ ಇಲ್ಲ. ಲಟ್ಜ್‌ನಲ್ಲಿ ಎಡಗಾಲ ಹೊರ ಅಂಚಿನಲ್ಲಿ ಜಾರುತ್ತಾ ಬಲಗಾಲಿನ ಟೋ ಪಿಕ್, ಅಂದರೆ ಬ್ಲೇಡಿನ ಮುಂತುದಿಯ ಹಲ್ಲುಗಳನ್ನು, ಐಸಿಗೆ ಬಲವಾಗಿ ಚುಚ್ಚಿ, ಜಾರುವ ಬಾಗಿಗೆ ಎದುರಾಗಿ ಸುತ್ತಬೇಕು. ಚುಚ್ಚುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಬಲಗಣಕಾಲಿಗೆ ಹೊಡೆತ. ಸಾಲ್ಕೋ ಹಾಗಲ್ಲ. ಅದು ಎಡಗಾಲಿನ ಒಳ ಅಂಚಿನಿಂದ ಏಳುತ್ತದೆ. ಟೋ ಲೂಪ್ ಬಲಗಾಲ ಅಂಚಿನಿಂದಲೇ ಎದ್ದರೂ ಎಡಗಾಲಿನ ಟೋ ಪಿಕ್ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಟ್ರಿಪಲ್ ಆಕ್ಸಲ್ ಏಳುವುದು ಎಡಗಾಲಿನಿಂದ. ಬಲಗಾಲು ಇಳಿಯುವ ಕೆಲಸವನ್ನಾದರೂ ಮಾಡಲೇಬೇಕಿತ್ತು. ಏಳುವ ಕೆಲಸವನ್ನು ಆದಷ್ಟು ಎಡಗಾಲಿಗೆ ವರ್ಗಾಯಿಸಿದ ಪಟ್ಟಿ ಅದು. ಕೊನೆಯ ಜಂಪ್ ಟ್ರಿಪಲ್ ಲಟ್ಜ್ ಆಗಿತ್ತು. ಬೀಳುವಷ್ಟು ಮುಗ್ಗರಿಸಿ ಅವರು ಹೇಗೋ ನಿಂತದ್ದು ಆ ಲಟ್ಜ್‌ನಲ್ಲೇ.

ಇಷ್ಟಕ್ಕೇ ನಿಲ್ಲಿಸಿದರೆ ಚೇತರಿಕೆ ಮುಗಿದಂತೆ ತೋರುತ್ತದೆ. ಮುಂದಿನದನ್ನು ಸೇರಿಸಿ ನೋಡಬೇಕು. ಅದೇ ವರ್ಷದ ನವೆಂಬರಿನಲ್ಲಿ ಮಾಸ್ಕೋದ ರಾಸ್ಟೆಲೆಕಾಂ ಕಪ್‌ನ ಅಭ್ಯಾಸದಲ್ಲಿ ಕ್ವಾಡ್ ಲೂಪ್ ಮಾಡುವಾಗ ಅದೇ ಬಲಗಣಕಾಲು ಮತ್ತೆ ಹೋಯಿತು. ಜಂಪ್ ಪಟ್ಟಿ ಬದಲಿಸಿಕೊಂಡು ಆ ದಿನ ಫ್ರೀ ಸ್ಕೇಟ್ ಮಾಡಿ ಗೆದ್ದರು, ಪದಕ ತೆಗೆದುಕೊಳ್ಳಲು ಬಂದದ್ದು ಊರುಗೋಲಿನ ಮೇಲೆ. ಗ್ರಾಂಪ್ರಿ ಫೈನಲ್ ಮತ್ತು ರಾಷ್ಟ್ರೀಯ ಸ್ಪರ್ಧೆ ಎರಡನೇ ವರ್ಷವೂ ಕೈಬಿಟ್ಟವು. 2021ರ ನವೆಂಬರಿನಲ್ಲಿ ಮತ್ತೆ ಬಲಗಣಕಾಲು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫ್ರೀ ಸ್ಕೇಟ್‌ನ ಹಿಂದಿನ ದಿನದ ಅಭ್ಯಾಸದಲ್ಲೂ ಅದೇ. ನೋವು ನಿವಾರಕ ಚುಚ್ಚುಮದ್ದು ಹಾಕಿಸಿಕೊಂಡು ಕ್ವಾಡ್ ಆಕ್ಸಲ್ ಯತ್ನಿಸಿದರು, ನಾಲ್ಕನೆಯವರಾದರು, ಜುಲೈನಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. ಒಮ್ಮೆ ಹಿಗ್ಗಿದ ಅಸ್ಥಿರಜ್ಜು ಮೊದಲಿನ ಬಿಗಿಗೆ ಬರುವುದು ಕಷ್ಟ. ಅದರೊಳಗಿದ್ದ, ಕಾಲು ಎಷ್ಟು ವಾಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳೂ ಮಂದವಾಗುತ್ತವೆ. ಒಮ್ಮೆ ಉಳುಕಿದ ಕಣಕಾಲು ಮತ್ತೆ ಉಳುಕುವ ಸಾಧ್ಯತೆ ಹೆಚ್ಚಿರುವುದು ಇದಕ್ಕೇ. ವಯಸ್ಸಾದ ಮನೆಮಂದಿ “ಒಂದು ಸಲ ಉಳುಕಿದ ಕಾಲು ಜೋಪಾನ” ಎನ್ನುವುದು ಬರೀ ಕಾಳಜಿಯ ಮಾತಲ್ಲ.

ಅಂಕಪಟ್ಟಿಯೂ ಇದರಲ್ಲಿ ಪಾಲುದಾರ. 2017–18ರ ಋತುವಿನಲ್ಲಿ ಕ್ವಾಡ್ ಲಟ್ಜ್‌ನ ಮೂಲ ಬೆಲೆ 13.6. ಸುತ್ತು ಪೂರ್ತಿ ಮಾಡಿ ಬಿದ್ದರೆ ಗುಣಮಟ್ಟಕ್ಕೆ 4, ಬಿದ್ದದ್ದಕ್ಕೆ 1 ಕಳೆದು ಕೈಗೆ 8.6 ಅಂಕ ಸಿಗುತ್ತಿತ್ತು. ಟ್ರಿಪಲ್ ಲಟ್ಜ್ ಅನ್ನು ಎಲ್ಲ ತೀರ್ಪುಗಾರರೂ ಮೆಚ್ಚುವಂತೆ ಮಾಡಿದರೂ ಸಿಗುತ್ತಿದ್ದ ಗರಿಷ್ಠ 8.1. ಅಂದರೆ ಚೆಂದದ ಟ್ರಿಪಲ್‌ಗಿಂತ ಬಿದ್ದ ಕ್ವಾಡ್‌ಗೇ ಬೆಲೆ ಹೆಚ್ಚು. ಇಂಥ ಪಟ್ಟಿಯನ್ನು ಮುಂದಿಟ್ಟುಕೊಂಡು ಗಾಯಗಳ ಬಗ್ಗೆ ಬೇಸರಪಡುವುದರಲ್ಲಿ ಅರ್ಥವಿರಲಿಲ್ಲ. 2018–19ರಿಂದ ಮೂಲ ಬೆಲೆ 11.5ಕ್ಕೆ ಇಳಿಯಿತು, ಬಿದ್ದರೆ ಅದರ ಅರ್ಧ ಹೋಗುತ್ತದೆ. 5.75ರಲ್ಲಿ ಬೀಳುವ ದಂಡ 1 ಕಳೆದರೆ 4.75, ನೆಟ್ಟಗೆ ಇಳಿದ ಟ್ರಿಪಲ್ ಲಟ್ಜ್‌ಗೆ 5.9. ಒಂದೇ ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಮಾಡಬಹುದಾದ ಕ್ವಾಡ್ ಒಂದೇ ಬಗೆಯದು ಎಂಬ ಮಿತಿಯೂ ಬಂತು, ಪುರುಷರ ಫ್ರೀ ಸ್ಕೇಟ್ 4 ನಿಮಿಷಕ್ಕಿಳಿದು ಜಂಪ್‌ಗಳು ಎಂಟರಿಂದ ಏಳಾದವು. ಗಾಯ ತಡೆಯುವ ವಿಷಯದಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇತ್ತೀಚಿನ ವರ್ಷಗಳಲ್ಲಿ ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ನಮ್ಮ ಅಭಿಪ್ರಾಯ. ಆದರೆ ಸ್ಪರ್ಧೆಯಲ್ಲಿ ಒಂದು ಕ್ವಾಡ್ ನಿಲ್ಲಿಸಲು ಅಭ್ಯಾಸದಲ್ಲಿ ನೂರಾರು ಸಲ ಬೀಳಬೇಕೆಂಬುದನ್ನು ಯಾವ ಪಟ್ಟಿಯೂ ಬದಲಿಸಲಾರದು.

ಬಿರುಕು ಬಿಡುವ ಮೂಳೆ

ಮೂಳೆ ಜೀವಂತ ವಸ್ತು. ಹೊರೆ ಬಿದ್ದಷ್ಟೂ ಒಳಗೆ ಸೂಕ್ಷ್ಮವಾಗಿ ಸವೆಯುತ್ತದೆ, ವಿಶ್ರಾಂತಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಸವೆತ ಕಟ್ಟುವಿಕೆಯನ್ನು ಮೀರಿದರೆ ಮೊದಲು ಮೂಳೆಯೊಳಗೆ ಊತ, ಆಮೇಲೆ ಕೂದಲೆಳೆಯ ಬಿರುಕು. ಸ್ಕೇಟರ್‌ಗಳಲ್ಲಿ ಪಾದದ ಉದ್ದ ಮೂಳೆಗಳು, ಮುಂಗಾಲಿನ (ಮಂಡಿಯಿಂದ ಕಣಕಾಲವರೆಗಿನ ಭಾಗದ) ಎರಡು ಮೂಳೆಗಳು, ಕಣಕಾಲ ಕೀಲಿನ ನಡುವಿನ ತಾಲಸ್ ಮೂಳೆ, ಸೊಂಟದ ಬೆನ್ನುಮೂಳೆ ಹೀಗೆ ಬಿರುಕು ಬಿಡುತ್ತವೆ. 2017ರ ಶರತ್ಕಾಲದಲ್ಲಿ ರಷ್ಯಾದ ಎವ್ಗೆನಿಯಾ ಮೆಡ್ವೆಡೆವಾಗೆ ಬಲಪಾದದ ಮೂಳೆ ಬಿರುಕುಬಿಟ್ಟಿತು. ಎರಡು ವರ್ಷ ಬಹುತೇಕ ಸೋಲನ್ನೇ ಕಾಣದಿದ್ದವರು ಒಲಿಂಪಿಕ್ಸ್‌ನಲ್ಲಿ ಬೆಳ್ಳಿಗೆ ತೃಪ್ತರಾಗಬೇಕಾಯಿತು. ಬೀಜಿಂಗ್ ಬೆಳ್ಳಿ ಗೆದ್ದ ಜಪಾನಿನ ಯುಮಾ ಕಗಿಯಾಮಾ ಮುಂದಿನ ಋತುವನ್ನು ಎಡಗಣಕಾಲ ಬಳಿಯ ಇಂಥದೇ ಬಿರುಕಿಗೆ ಬಹುಪಾಲು ಕಳೆದುಕೊಂಡರು. 2022ರ ಡಿಸೆಂಬರಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಎಂಟನೆಯವರಾಗಿ, ಅಲ್ಲಿಂದ ಹಿಂದೆ ಸರಿದು, ಸಮಯ ತೆಗೆದುಕೊಂಡು 2024ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು.

ಈ ಗಾಯ ಪತ್ತೆಯಾಗುವುದೇ ತಡವಾಗಿ. ಮೊದಮೊದಲು ಅಭ್ಯಾಸ ಮುಗಿದ ಮೇಲೆ ಮಾತ್ರ ನೋವು. ಆಮೇಲೆ ಅಭ್ಯಾಸದ ನಡುವೆ. ಕೊನೆಗೆ ರಾತ್ರಿ ಮಲಗಿದಾಗಲೂ. ಮೊದಲ ಎರಡು ಮೂರು ವಾರ ಎಕ್ಸ್‌ರೇ ಏನೂ ತೋರಿಸದಿರಬಹುದು, ಎಂಆರ್‌ಐ ತೋರಿಸುತ್ತದೆ. ಸ್ನಾಯುನೋವು ಅಗಲವಾಗಿ ಹರಡಿಕೊಂಡಿರುತ್ತದೆ; ಮೂಳೆಯ ನೋವನ್ನು ಒಂದು ಬೆರಳ ತುದಿಯಿಂದ ಮುಟ್ಟಿ ತೋರಿಸಬಹುದು. ಪಾದದ ನಡುವಿನ ಎರಡನೇ, ಮೂರನೇ ಉದ್ದ ಮೂಳೆಯಾದರೆ ಆರರಿಂದ ಎಂಟು ವಾರ ಜಿಗಿತ ಬಿಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ತಾಲಸ್, ಪಾದದ ದೋಣಿಯಾಕಾರದ ಮೂಳೆ, ಐದನೇ ಉದ್ದ ಮೂಳೆಯ ಬುಡ, ಮುಂಗಾಲ ಮೂಳೆಯ ಮುಂಭಾಗ, ಇವುಗಳಿಗೆ ರಕ್ತ ಪೂರೈಕೆ ಕಡಿಮೆ ಅಥವಾ ಹೊರೆ ಬಿರುಕನ್ನು ಬಿಡಿಸುವ ದಿಕ್ಕಿನಲ್ಲೇ ಬೀಳುತ್ತದೆ. ಅಲ್ಲಿ ತಿಂಗಳುಗಳ ಮಾತು, ಕೆಲವೊಮ್ಮೆ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ.

ಸೊಂಟದ ಬಿರುಕಿನ ಪರಿಚಯ ನಮ್ಮಲ್ಲಿ ಕ್ರಿಕೆಟ್ ನೋಡುವವರಿಗೆಲ್ಲ ಇದೆ. ಜಸ್‌ಪ್ರೀತ್ ಬುಮ್ರಾ, ಬೆಂಗಳೂರಿನ ಪ್ರಸಿದ್ಧ ಕೃಷ್ಣ ಇಬ್ಬರೂ ಬೆನ್ನಿನ ಗಾಯದಿಂದ ಸುಮಾರು ಒಂದು ವರ್ಷ ದೂರವಿದ್ದು 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಸರಣಿಯಲ್ಲಿ ಮರಳಿದ್ದರು. ವೇಗದ ಬೌಲರ್ ಚೆಂಡು ಬಿಡುವಾಗ ಒಂಟಿ ಕಾಲಿನ ಮೇಲೆ ಹೊರೆ ಹೊತ್ತು ಸೊಂಟವನ್ನು ಹಿಂದಕ್ಕೆ ಬಾಗಿಸಿ ತಿರುಚುತ್ತಾನೆ. ಸ್ಕೇಟರ್ ಇಳಿಯುವಾಗ ಮಾಡುವುದೂ ಅದನ್ನೇ: ಒಂಟಿ ಕಾಲು, ಹಿಂದಕ್ಕೆ ಕಮಾನಾದ ಬೆನ್ನು, ನಿಲ್ಲಿಸಬೇಕಾದ ಸುತ್ತು. ಅದಕ್ಕೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕಾಲನ್ನು ತಲೆಯ ಮೇಲಕ್ಕೆಳೆಯುವ ಬೀಲ್‌ಮನ್ ಸ್ಪಿನ್ ಸೇರಿಸಿ. ಬೆಳೆಯುತ್ತಿರುವ ಮಗುವಿಗೆ ಎರಡು ಮೂರು ವಾರ ಬಿಡದೆ ಸೊಂಟ ನೋಯುತ್ತಿದ್ದು, ಒಂಟಿ ಕಾಲಲ್ಲಿ ನಿಂತು ಹಿಂದೆ ಬಾಗಿದಾಗ ಜಾಸ್ತಿಯಾದರೆ ಸ್ನಾಯು ಹಿಡಿದಿದೆ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು.

ಬೆಳೆಯುವ ವಯಸ್ಸಿನಲ್ಲಿ ಇನ್ನೊಂದು ದುರ್ಬಲ ಜಾಗ ಮೂಳೆ ತುದಿಯ ಮೆದು ಮೂಳೆ, ಬೆಳವಣಿಗೆ ನಡೆಯುವ ಪದರ. ವಯಸ್ಕರಿಗೆ ಸ್ನಾಯು ಹರಿಯುವಂಥ ಸೆಳೆತ ಬಂದರೆ ಹದಿಹರೆಯದವರಲ್ಲಿ ಸ್ನಾಯು ಗಟ್ಟಿಯಾಗಿ ನಿಂತು, ಅದು ಅಂಟಿಕೊಂಡ ಮೂಳೆಯ ಚೂರೇ ಕಿತ್ತುಬರುತ್ತದೆ. 2016ರ ಜನವರಿಯಲ್ಲಿ 16 ವರ್ಷದ ನೇಥನ್ ಚೆನ್‌ಗೆ ಅಮೆರಿಕದ ರಾಷ್ಟ್ರೀಯ ಸ್ಪರ್ಧೆ ಮುಗಿದ ಮೇಲಿನ ಪ್ರದರ್ಶನದಲ್ಲಿ ಎಡತೊಡೆಸಂದಿನಲ್ಲಿ ಆದದ್ದು ಇದೇ. ಶಸ್ತ್ರಚಿಕಿತ್ಸೆಯಾಯಿತು, ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಒಂದು ವರ್ಷದ ನಂತರ ಅದೇ ರಾಷ್ಟ್ರೀಯ ಸ್ಪರ್ಧೆಯ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್ ನಿಲ್ಲಿಸಿದರು, 2022ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಬಲವಂತದ ಆ ತಿಂಗಳುಗಳಲ್ಲಿ ದೇಹದ ಕೆಳಭಾಗವನ್ನು ಬುಡದಿಂದ ಕಟ್ಟಿಕೊಳ್ಳಲು ಅವಕಾಶ ಸಿಕ್ಕಿತ್ತು.

2022ರ ಜೂನ್‌ನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಮಹಾಸಭೆ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 2023–24ಕ್ಕೆ 16, 2024–25ಕ್ಕೆ 17 ಎಂದು ಏರಿಸಿತು. ಪರವಾಗಿ 100 ಮತ, ವಿರುದ್ಧ 16. ನಿರ್ಧಾರ ಸರಿಯಾದದ್ದು, ಆದರೆ ಅರ್ಧ ದಾರಿಯದು. 2018ರಲ್ಲಿ ಸೋಫಿಯಾದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಒಂದೇ ಫ್ರೀ ಸ್ಕೇಟ್‌ನಲ್ಲಿ ಎರಡು ಕ್ವಾಡ್ ನಿಲ್ಲಿಸಿದಾಗ ಅಲೆಕ್ಸಾಂಡ್ರಾ ತ್ರುಸೋವಾಗೆ 13 ವರ್ಷ. ಮೆದು ಮೂಳೆ ಅತ್ಯಂತ ದುರ್ಬಲವಾಗಿರುವುದು ಎತ್ತರ ಸರಸರನೆ ಏರುವ 11ರಿಂದ 14ರ ಆಸುಪಾಸಿನಲ್ಲಿ. ಸೀನಿಯರ್ ಬಾಗಿಲನ್ನು 17ಕ್ಕೆ ಸರಿಸಿದರೂ ಆ ವಯಸ್ಸಿನ ಅಭ್ಯಾಸದ ಮೇಲೆ ಹಿಡಿತ ಬರುವುದಿಲ್ಲ. ತಿಂಗಳಿಗೊಮ್ಮೆ ಎತ್ತರ ಅಳೆದು, ಬೆಳವಣಿಗೆ ಜೋರಾದ ತಿಂಗಳುಗಳಲ್ಲಿ ಜಂಪ್‌ಗಳ ಎಣಿಕೆ ಇಳಿಸುವುದು ಖರ್ಚಿಲ್ಲದ ಕೆಲಸ. ಒಂದು ಪೆನ್ಸಿಲ್, ಒಂದು ಗೋಡೆ ಸಾಕು.

ತಟ್ಟೆಯಲ್ಲಿರುವುದು

ಮೂಳೆಯ ಮಾತಾಡಿ ಊಟದ ಮಾತಾಡದಿದ್ದರೆ ಅರ್ಧವೇ ಹೇಳಿದಂತೆ. ಹಗುರ ದೇಹ ಬೇಗ ಸುತ್ತುತ್ತದೆ, ಈ ಭೌತಶಾಸ್ತ್ರವನ್ನು ಅಲ್ಲಗಳೆಯಲಾಗದು. ಆದರೆ ವ್ಯಾಯಾಮಕ್ಕೆ ಖರ್ಚಾದ ಮೇಲೆ ದೇಹದ ಮಿಕ್ಕ ಕೆಲಸಗಳಿಗೆ ಉಳಿಯುವ ಶಕ್ತಿ, ಕೊಬ್ಬು ಬಿಟ್ಟ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 45 ಕಿಲೋ ಕ್ಯಾಲೊರಿಯ ಆಸುಪಾಸಿನಲ್ಲಿದ್ದರೆ ಕ್ಷೇಮ. 30ಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ದೇಹ ಒಂದೊಂದೇ ವಿಭಾಗವನ್ನು ಮುಚ್ಚತೊಡಗುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ತೆಳುವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಹುಡುಗರನ್ನೂ ಅದರೊಳಗೆ ಸೇರಿಸಿತು. 45 ಕೆ.ಜಿ. ತೂಕದ, ಕೊಬ್ಬು ಬಿಟ್ಟು 37 ಕೆ.ಜಿ. ಇರುವ ಹುಡುಗಿಯ ಲೆಕ್ಕ ಹೀಗಾಗುತ್ತದೆ: 37 ಗುಣಿಸು 45, ಅಂದರೆ 1665, ಅಭ್ಯಾಸಕ್ಕೆ 600 ಖರ್ಚಾದರೆ ಒಟ್ಟು 2265 ಕಿಲೋ ಕ್ಯಾಲೊರಿ. ಮೂರು ತಿಂಗಳು ಮುಟ್ಟು ತಪ್ಪಿದರೆ ಅದು “ಜೋರಾಗಿ ಅಭ್ಯಾಸ ಮಾಡುತ್ತಿರುವುದರ ಗುರುತು” ಎಂದು ಹೇಳುವ ತರಬೇತುದಾರರ ಮಾತನ್ನು ಕೇಳಬೇಡಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೆ ತಂಡದ ಚಿನ್ನ ಗೆದ್ದ ಯೂಲಿಯಾ ಲಿಪ್ನಿಟ್ಸ್‌ಕಾಯಾ ಅನೊರೆಕ್ಸಿಯಾಗೆ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ) ಚಿಕಿತ್ಸೆ ಪಡೆದು 2017ರಲ್ಲಿ 19ಕ್ಕೇ ಬೂಟು ಕಳಚಿದರು. ಗಾಯಾಳು ಮನೆಯಲ್ಲಿ ಕೂತಾಗ ತೂಕ ಏರೀತೆಂದು ಊಟ ಕಡಿಮೆ ಮಾಡುವುದು ಇನ್ನೂ ಕೆಟ್ಟದ್ದು. ಮೂಳೆ ಕಟ್ಟಿಕೊಳ್ಳುವ ಹೊತ್ತಿನಲ್ಲೇ ಅದಕ್ಕೆ ಸಾಮಗ್ರಿ ನಿಲ್ಲಿಸಿದಂತೆ. ದಿನವಿಡೀ ಚಾವಣಿಯ ಕೆಳಗಿರುವವರಿಗೆ ವಿಟಮಿನ್ ಡಿ ಪರೀಕ್ಷೆಯೂ ಬೇಕು.

ಜೋಡಿ ಸ್ಕೇಟಿಂಗ್‌ನ ಅಪಘಾತಗಳು ಬೇರೆ ಜಾತಿಯವು, ಅಲ್ಲಿ ಸವೆತಕ್ಕಿಂತ ಎತ್ತರ ಮತ್ತು ಬ್ಲೇಡಿನದೇ ಭಯ. 1996ರ ಜನವರಿಯಲ್ಲಿ ರೀಗಾದಲ್ಲಿ ಅಕ್ಕಪಕ್ಕ ಸ್ಪಿನ್ ಮಾಡುವಾಗ ಜತೆಗಾರನ ಬ್ಲೇಡ್ ಎಲೆನಾ ಬೆರೆಜ್ನಾಯಾ ಅವರ ತಲೆಬುರುಡೆಯನ್ನು ಒಡೆದು ಒಳಹೊಕ್ಕಿತ್ತು. ಮಾತು ಹೋಯಿತು, ಮತ್ತೆ ಕಲಿಯಬೇಕಾಯಿತು. ಹೊಸ ಜತೆಗಾರ ಆಂಟನ್ ಸಿಖಾರುಲಿಡ್ಜೆಯೊಂದಿಗೆ 1998ರಲ್ಲಿ ಬೆಳ್ಳಿ, 2002ರಲ್ಲಿ ಚಿನ್ನ ಗೆದ್ದರು. 2004ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಫ್ಟ್‌ನಿಂದ, ಅಂದರೆ ಜತೆಗಾರ ಎತ್ತಿ ಹಿಡಿದಿದ್ದಾಗ, ಬಿದ್ದು ಪ್ರಜ್ಞೆ ತಪ್ಪಿದ ತಾತ್ಯಾನಾ ತೊತ್ಮ್ಯಾನಿನಾ 2006ರ ಒಲಿಂಪಿಕ್ ಚಿನ್ನ ಗೆದ್ದವರು.

ತಲೆಗೆ ಪೆಟ್ಟಾದರೆ ಈಗಿನ ಕ್ರಮ ಸ್ಪಷ್ಟವಿದೆ. ಆ ದಿನ ಮತ್ತೆ ಐಸಿಗಿಳಿಯುವಂತಿಲ್ಲ. 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಆಮೇಲೆ ಆರು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಕನಿಷ್ಠ ಒಂದು ದಿನ, ಪೂರ್ತಿ ಅಭ್ಯಾಸಕ್ಕೆ ಮುನ್ನ ವೈದ್ಯರ ಒಪ್ಪಿಗೆ. ಸ್ಕೇಟರ್‌ಗಳಿಗೆ ಸ್ಪಿನ್ ಇರುವುದರಿಂದ ಇನ್ನಷ್ಟು ನಿಧಾನ ಬೇಕು, ಏಕೆಂದರೆ ಒಳಕಿವಿಯ ಸಮತೋಲನ ವ್ಯವಸ್ಥೆ ಚೇತರಿಸಿಕೊಂಡಿದೆಯೇ ಎಂಬುದನ್ನು ಸ್ಪಿನ್‌ನಷ್ಟು ಕಠಿಣವಾಗಿ ಪರೀಕ್ಷಿಸುವ ಚಲನೆ ಇನ್ನೊಂದಿಲ್ಲ. 2014ರ ನವೆಂಬರಿನಲ್ಲಿ ಶಾಂಘೈನಲ್ಲಿ ಆರು ನಿಮಿಷದ ವಾರ್ಮಪ್‌ನಲ್ಲಿ ಹನ್ಯು ಮತ್ತು ಚೀನಾದ ಯಾನ್ ಹಾನ್ ಎದುರುಬದುರು ಡಿಕ್ಕಿ ಹೊಡೆದು ಬಿದ್ದರು. ತಲೆಗೆ ಪಟ್ಟಿ ಸುತ್ತಿಕೊಂಡು ಇಳಿದ ಹನ್ಯು ಐದು ಸಲ ಬಿದ್ದು ಬೆಳ್ಳಿ ಗೆದ್ದರು. ಅಂದು ಮೆಚ್ಚಿ ಚಪ್ಪಾಳೆ ತಟ್ಟಿದ್ದು ಆಗಬಾರದಿತ್ತು.

ಮೆಟ್ಟಿಲು ಮೆಟ್ಟಿಲಾಗಿ ಐಸಿಗೆ

ಬಲಗಣಕಾಲಿನ ಹೊರಬದಿಯ ಅಸ್ಥಿರಜ್ಜು ಹರಿದ, ಅಪ್ರದಕ್ಷಿಣವಾಗಿ ಸುತ್ತುವ ಸ್ಕೇಟರ್ ಒಬ್ಬರನ್ನು ತೆಗೆದುಕೊಳ್ಳೋಣ. ಗಾಯದ ತೀವ್ರತೆ ನೋಡಿ 6ರಿಂದ 12 ವಾರದ ದಾರಿ. ಮೊದಲ ಎರಡು ಮೂರು ದಿನ ಕಾಲೆತ್ತಿ ಇಡುವುದು, ಬಿಗಿಪಟ್ಟಿ, ರಕ್ಷಕ ಬೂಟು. ನೋವು ಬಿಟ್ಟಷ್ಟು ಭಾರ ಹಾಕುವುದನ್ನು ಬೇಗ ಶುರುಮಾಡುವುದೇ ಒಳ್ಳೆಯದು. ವಾರಗಟ್ಟಲೆ ಅಲುಗಾಡಿಸದೆ ಇಟ್ಟರೆ ಮೀನಖಂಡ ಕರಗುತ್ತದೆ. ಮುಂದಿನ ಹತ್ತು ದಿನ ಪಾದದ ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು, ನೆಲದ ಮೇಲಿನ ಟವಲನ್ನು ಬೆರಳಿನಿಂದ ಎಳೆದುಕೊಳ್ಳುವುದು, ನಿಂತ ಸೈಕಲ್. ಆಮೇಲೆ ರಬ್ಬರ್ ಪಟ್ಟಿಗೆ ಎದುರಾಗಿ ಪಾದವನ್ನು ಹೊರಕ್ಕೆ ತಳ್ಳುವುದು, 15ರಂತೆ ಮೂರು ಸುತ್ತು, ಒಂಟಿ ಕಾಲಲ್ಲಿ ಕಣ್ಣುಮುಚ್ಚಿ 30 ಸೆಕೆಂಡ್ ನಿಲ್ಲುವುದು, ಹಿಮ್ಮಡಿ ಎತ್ತಿಳಿಸುವುದು.

ಜಂಪ್‌ಗೆ ಅನುಮತಿ ಕ್ಯಾಲೆಂಡರ್ ನೋಡಿ ಕೊಡುವುದಲ್ಲ, ಕಾಲು ನೋಡಿ ಕೊಡುವುದು. ಗಾಯದ ಕಾಲಿನ ಮೇಲೆ ನಿಂತು ಒಂದೇ ಸಮನೆ 25 ಸಲ ಹಿಮ್ಮಡಿ ಎತ್ತಲು ಆಗಬೇಕು. ಒಂಟಿ ಕಾಲಿನ ಕುಪ್ಪಳಿಕೆಯ ದೂರ ಒಳ್ಳೆಯ ಕಾಲಿನ 90 ಶೇಕಡಾ ಮುಟ್ಟಬೇಕು. ಸ್ಕೇಟರ್‌ಗಳಲ್ಲಿ ಇಳಿಯುವ ಕಾಲು ಸ್ವಭಾವತಃ ಬಲವಾಗಿರುವುದರಿಂದ 90 ಶೇಕಡಾ ಎಂಬುದು ಕಡಿಮೆಯೇ ಆದೀತು. ಗಾಯಕ್ಕೆ ಮುನ್ನ, ಋತುವಿನ ಆರಂಭದಲ್ಲೇ ಎರಡೂ ಕಾಲಿನ ಅಳತೆ ಬರೆದಿಟ್ಟಿದ್ದರೆ ಹೋಲಿಸಲು ಅದೇ ಸರಿಯಾದ ಗೆರೆ.

ಐಸಿಗೆ ಮರಳುವ ಮೊದಲ ವಾರ 15–20 ನಿಮಿಷ ಬರೀ ಮುಂದಕ್ಕೆ ಹಿಂದಕ್ಕೆ ಜಾರುವುದು, ಆಮೇಲೆ ಅಂಚುಗಳು. ಸ್ಪಿನ್‌ಗಳಲ್ಲಿ ಮುಂಬದಿಯ ಸ್ಪಿನ್ ಎಡಗಾಲಿನದು, ಅದು ಮೊದಲು. ಬ್ಯಾಕ್ ಸ್ಪಿನ್ ಬಲಗಾಲಿನದು, ತಡವಾಗಿ ಬರುತ್ತದೆ. ಆದರೆ ಎಲ್ಲ ಜಂಪ್‌ಗಳ ಗಾಳಿಯ ಭಂಗಿಯೂ ಬ್ಯಾಕ್ ಸ್ಪಿನ್ನಿನದೇ ಆದ್ದರಿಂದ ಅದು ಗಟ್ಟಿಯಾಗದೆ ಮುಂದೆ ಹೋಗಬಾರದು. ಜಂಪ್‌ಗಳ ಸರದಿಯಲ್ಲಿ ಮೊದಲು ಅರ್ಧ ಸುತ್ತಿನ ವಾಲ್ಟ್ಜ್ ಜಂಪ್, ಆಮೇಲೆ ಸಿಂಗಲ್ ಸಾಲ್ಕೋ, ಟೋ ಲೂಪ್. ನಂತರ ಫ್ಲಿಪ್, ಲೂಪ್. ಕೊನೆಗೆ ಲಟ್ಜ್, ಆಕ್ಸಲ್. ದಿನ ಬಿಟ್ಟು ದಿನ, 10–15 ಇಳಿತದಿಂದ ಶುರು. ಮಾಡುವಾಗ ನೋವು ಹತ್ತರಲ್ಲಿ ಮೂರನ್ನು ಮೀರಬಾರದು, ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ಸಿಂಗಲ್‌ಗಳು ಒಂದು ವಾರ ತಕರಾರಿಲ್ಲದೆ ನಡೆದ ಮೇಲೆ ಡಬಲ್, ಅದೇ ಸರದಿಯಲ್ಲಿ, ಟ್ರಿಪಲ್‌ಗೂ ಅದೇ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಇಳಿತಗಳನ್ನು ಎಣಿಸದಿರುವುದು. “ಸುಮಾರು ಇಪ್ಪತ್ತು ಮಾಡಿದೆ” ಎಂದವರ ವಿಡಿಯೋ ನೋಡಿದರೆ ನಲವತ್ತಿರುತ್ತದೆ, ಬಿದ್ದದ್ದನ್ನೂ ಅರ್ಧಕ್ಕೆ ಬಿಟ್ಟದ್ದನ್ನೂ ಅವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸೊಂಟಕ್ಕೆ ಕಟ್ಟುವ ಪುಟ್ಟ ಸಂವೇದಕ ಇಲ್ಲದಿದ್ದರೆ ಗೋಡೆಯಾಚೆ ನಿಂತವರು ಚೀಟಿಯಲ್ಲಿ ಗೀಟು ಹಾಕಲಿ. ಇನ್ನೊಂದು, ಬಿಡಿ ಜಂಪ್‌ಗಳು ಬಂದವೆಂದು ನೇರ ಪೂರ್ತಿ ಪ್ರೋಗ್ರಾಂಗೆ ಹಾರುವುದು. ನಾಲ್ಕು ನಿಮಿಷದ ಫ್ರೀ ಸ್ಕೇಟ್‌ನ ಕೊನೆಯಲ್ಲಿ ಹೃದಯ ಬಡಿತ ಗರಿಷ್ಠದ ಹತ್ತಿರವಿರುತ್ತದೆ, ದಣಿದ ಸ್ನಾಯು ತಡವಾಗಿ ಕೆಲಸ ಮಾಡುತ್ತದೆ, ಹೊರೆ ಅಸ್ಥಿರಜ್ಜುವಿಗೆ ಹೋಗುತ್ತದೆ. ಜಂಪ್ ಇಲ್ಲದೆ ಪೂರ್ತಿ ಪ್ರೋಗ್ರಾಂ, ಸಿಂಗಲ್ ಮಾತ್ರ ಹಾಕಿ, ಡಬಲ್ ಹಾಕಿ, ಅರ್ಧ ಪ್ರೋಗ್ರಾಂ ನಿಜ ಜಂಪ್‌ಗಳೊಂದಿಗೆ, ಕೊನೆಗೆ ಪೂರ್ತಿ, ಇಷ್ಟು ಹಂತ ಬೇಕು.

ಯಾರ ಗಡುವು?

ಸ್ಪರ್ಧೆಗಳ ವೇಳಾಪಟ್ಟಿ ಈ ಮೆಟ್ಟಿಲುಗಳಿಗಾಗಿ ಕಾಯುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಗ್ರಾಂಪ್ರಿ, ಡಿಸೆಂಬರ್, ಜನವರಿಯಲ್ಲಿ ರಾಷ್ಟ್ರೀಯ ಸ್ಪರ್ಧೆ, ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅದರ ಮೇಲೆ ದೇಶದ ಪಾಲು: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದ ಇಬ್ಬರ ಸ್ಥಾನ ಕೂಡಿ 13 ಮೀರದಿದ್ದರೆ ಮುಂದಿನ ವರ್ಷ ಮೂವರಿಗೆ ಅವಕಾಶ. ಗಾಯಾಳು ಹಿಂದೆ ಸರಿದರೆ ತನ್ನ ಸ್ಥಾನವಷ್ಟೇ ಅಲ್ಲ, ಗೆಳೆಯರ ಸ್ಥಾನವೂ ಹೋಗಬಹುದು. ಹೀಗಿರುವಾಗ ನೋವು ಮುಚ್ಚಿಡುವುದು ಸ್ವಾಭಾವಿಕ. 2013ರಲ್ಲಿ ಬೆನ್ನುಮೂಳೆಯ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಎವ್ಗೆನಿ ಪ್ಲುಶೆಂಕೊ ರಷ್ಯಾದ ಪುರುಷರಿಗಿದ್ದ ಒಂದೇ ಒಂದು ಸ್ಥಾನದಲ್ಲಿ ಸೋಚಿಗೆ ಬಂದರು. ತಂಡದ ಚಿನ್ನಕ್ಕೆ ಎರಡು ಸಲ ಸ್ಕೇಟ್ ಮಾಡಿದರು. 2014ರ ಫೆಬ್ರವರಿ 13ರಂದು ವೈಯಕ್ತಿಕ ಸ್ಪರ್ಧೆಯ ವಾರ್ಮಪ್‌ನಲ್ಲಿ ಆಕ್ಸಲ್ ಇಳಿದು ಬೆನ್ನು ಹಿಡಿದುಕೊಂಡರು, ತೀರ್ಪುಗಾರರ ಬಳಿ ಹೋಗಿ ಹಿಂದೆ ಸರಿದರು. ಆ ಗಳಿಗೆಯಲ್ಲಿ ಬದಲಿಗೆ ಯಾರನ್ನೂ ಇಳಿಸುವಂತಿರಲಿಲ್ಲ.

ದೈಸುಕೆ ತಕಾಹಾಶಿಗೆ ಅದೃಷ್ಟ ಬೇರೆ ರೀತಿಯಲ್ಲಿ ಒದಗಿತು. 2008ರ ಅಕ್ಟೋಬರಿನಲ್ಲಿ ಬಲಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು ಹರಿಯಿತು. ಒಲಿಂಪಿಕ್ಸ್‌ಗೆ ಇನ್ನೂ 16 ತಿಂಗಳಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇಡೀ ಋತುವನ್ನು ಬಿಟ್ಟುಕೊಟ್ಟರು. ಮಂಡಿಯ ಈ ಗಾಯಕ್ಕೆ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕೇ ಬೇಕು. ಹೊಸದಾಗಿ ಕೂರಿಸಿದ ಎಳೆ ನಡುವಿನ ತಿಂಗಳುಗಳಲ್ಲಿ ಮೊದಲಿಗಿಂತ ದುರ್ಬಲವಾಗಿರುತ್ತದೆ, ನೋವು ಮಾತ್ರ ಇರುವುದಿಲ್ಲ; ಮೋಸ ಹೋಗುವುದು ಅಲ್ಲೇ. 2010ರಲ್ಲಿ ವ್ಯಾಂಕೂವರ್‌ನಲ್ಲಿ ಕಂಚು ಗೆದ್ದರು, ಜಪಾನಿನ ಪುರುಷ ಸ್ಕೇಟರ್‌ಗೆ ಮೊದಲ ಒಲಿಂಪಿಕ್ ಪದಕ. ಮುಂದಿನ ತಿಂಗಳು ಟ್ಯೂರಿನ್‌ನಲ್ಲಿ ವಿಶ್ವ ಚಾಂಪಿಯನ್. ಹನ್ಯುಗೆ ಸಿಕ್ಕಿದ್ದು ಮೂರು ತಿಂಗಳು. ಇಬ್ಬರ ಮನೋಬಲದಲ್ಲಿ ವ್ಯತ್ಯಾಸ ಹುಡುಕುವುದು ಬೇಡ, ಗಾಯವಾದ ತಿಂಗಳು ಯಾವುದೆಂದು ನೋಡಿದರೆ ಸಾಕು.

ಸಿಂಗಲ್ಸ್ ಜಂಪ್‌ಗಳನ್ನು ಕಾಲು ಒಪ್ಪದಿದ್ದರೂ ಐಸ್ ಬಿಡಬೇಕೆಂದಿಲ್ಲ ಎಂಬುದಕ್ಕೂ ತಕಾಹಾಶಿಯೇ ಸಾಕ್ಷಿ. 2020ರಲ್ಲಿ ಅವರು ಕಾನಾ ಮುರಾಮೊತೊ ಜತೆ ಐಸ್ ಡ್ಯಾನ್ಸ್‌ಗೆ ಬಂದು 2023ರವರೆಗೆ ಸ್ಪರ್ಧಿಸಿದರು. ಬಲಗಣಕಾಲಿನ ತಾಲಸ್ ಗಾಯದಿಂದ ಬೀಜಿಂಗ್ ತಪ್ಪಿಸಿಕೊಂಡ ರಿಕಾ ಕಿಹಿರಾ 2025ರಲ್ಲಿ ಅದೇ ದಾರಿ ಹಿಡಿದರು. ಐಸ್ ಡ್ಯಾನ್ಸ್‌ನಲ್ಲಿ ಮಂಡಿಯ ಆಳ, ಅಂಚಿನ ನಿಖರತೆ ಬೇಕು. ಟ್ರಿಪಲ್, ಕ್ವಾಡ್ ಇಲ್ಲ. ಕಾಲಿಗೆ ಬೀಳುವ ಹೊರೆ ಅಲ್ಲೂ ಕಡಿಮೆಯೇನಲ್ಲ, ಆದರೆ ಒಂದೇ ಏಟಿಗೆ ಬೀಳುವುದಿಲ್ಲ.

ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಬೆಳಗಿನ ಜಾವ ರಿಂಕ್‌ಗೆ ಬರುವ ಮಕ್ಕಳು ಬಹಳ. ಅವರಲ್ಲಿ ಆರ್ಟಿಸ್ಟಿಕ್ ವಿಭಾಗ ಆರಿಸಿಕೊಂಡವರು ಮಾಡುವುದು ಇದೇ ಸಾಲ್ಕೋ, ಇದೇ ಲಟ್ಜ್, ಇಳಿಯುವುದೂ ಹೀಗೇ ಒಂಟಿ ಕಾಲಿನ ಮೇಲೆ. ಟೋ ಪಿಕ್ ಬದಲು ರಬ್ಬರ್ ಟೋ ಸ್ಟಾಪ್, ಐಸ್ ಬದಲು ಕಾಂಕ್ರೀಟ್ ಅಥವಾ ಮರದ ಹಾಸು. ಬಿದ್ದರೆ ಐಸಿನಂತೆ ಜಾರುವುದಿಲ್ಲ ಎಂಬುದು ಇಲ್ಲಿ ಹೆಚ್ಚುವರಿ ತೊಂದರೆ. ಮನೆಯವರು ವಾರಕ್ಕೊಮ್ಮೆ ಮಾಡಬಹುದಾದ ಪರೀಕ್ಷೆ ಇಷ್ಟು: ಮಗುವನ್ನು ಬರಿಗಾಲಲ್ಲಿ, ಇಳಿಯುವ ಕಾಲಿನ ಮೇಲೆ ಹತ್ತು ಸಲ ಕುಪ್ಪಳಿಸಲು ಹೇಳಿ. ಆಮೇಲೆ ಪಾದದ ಮೇಲ್ಭಾಗ ಮತ್ತು ಮುಂಗಾಲ ಮೂಳೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಒಂದೇ ಬಿಂದುವಿನಲ್ಲಿ ಮುಖ ಕಿವುಚಿದರೆ ಅಂದಿನಿಂದಲೇ ಜಂಪ್ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಎಕ್ಸ್‌ರೇ ಸರಿಯಿದೆ ಎಂದರೂ ನೋವು ಹತ್ತು ದಿನದಲ್ಲಿ ಹೋಗದಿದ್ದರೆ ಎಂಆರ್‌ಐ ಬೇಕೇ ಎಂದು ಮತ್ತೆ ಕೇಳಿ.